ಒಂದು ಸೆಕೆಂಡಿನ ಕ್ಲಿಕ್, ಮೂವತ್ತು ವರ್ಷದ ಪ್ರಿಂಟು

ನನ್ನ ಫೋನಿನಲ್ಲಿ ಈಗ ಆರು ಸಾವಿರಕ್ಕೂ ಹೆಚ್ಚು ಫೋಟೊಗಳಿವೆ. ಕಾಗದದ ಮೇಲೆ ಅಚ್ಚಾಗಿರುವುದು ಒಂದೇ ಒಂದು: ಪರೀಕ್ಷೆ ಅರ್ಜಿಗಳಿಗಾಗಿ ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣಬೇಕು, ನಗಬಾರದು. ತೆಗೆದವರು ನನ್ನ ಸೋದರಮಾವ. ಅರಸೀಕೆರೆಯಲ್ಲಿ ಅವರದೊಂದು ಸ್ಟುಡಿಯೊ ಇದೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್, ಕಲರ್ ಪ್ರಿಂಟರ್, ಜೆರಾಕ್ಸ್ ಮಷೀನು. ಹಿಂದಿನ ಕೋಣೆಗೆ ಕಿಟಕಿಯೇ ಇಲ್ಲ. ಅಲ್ಲಿ ಹಳೇ ಫ್ರೇಮುಗಳು, ಮದುವೆ ಆಲ್ಬಮ್ಮಿನ ಖಾಲಿ ಡಬ್ಬಗಳು, ಇವುಗಳ ನಡುವೆ ಕೊಕ್ಕರೆಯ ಹಾಗೆ ಬಗ್ಗಿ ನಿಂತ ಒಂದು ಎನ್‌ಲಾರ್ಜರ್. ಆಯುಧ ಪೂಜೆಯ ದಿನ ಮಾತ್ರ ಅದಕ್ಕೊಂದು ಹಾರ ಬೀಳುತ್ತದೆ.

ಕಳೆದ ಆಯುಧ ಪೂಜೆಗೆ ಆ ಕೋಣೆ ಗುಡಿಸಲು ಹೋದವಳು, ‘ಮಾವ, ನಾನೂ ಒಂದು ರೀಲ್ ಹೊಡೀಲಾ?’ ಎಂದು ಕೇಳಿದೆ. ಮಾವ ನಕ್ಕರು. ಆದರೂ ತಮ್ಮ ಹಳೇ ಕ್ಯಾಮೆರಾ ಒರೆಸಿ ಕೊಟ್ಟರು, ಬೆಂಗಳೂರಿನಿಂದ ಒಂದು ಕಪ್ಪು-ಬಿಳುಪು ರೋಲ್ ತರಿಸಿದರು. 36 ಫೋಟೊ. ಮೂರು ವಾರ ಎಣಿಸಿ ಎಣಿಸಿ ತೆಗೆದೆ. ತೊಳೆದು ನೋಡಿದರೆ ಇಡೀ ಫಿಲ್ಮು ಗಾಜಿನ ಹಾಗೆ ಖಾಲಿ. ಫಿಲ್ಮಿನ ತುದಿ ಒಳಗಿನ ಉರುಳೆಗೆ ಸಿಕ್ಕಿಕೊಂಡೇ ಇರಲಿಲ್ಲ. ಮೂರು ವಾರ ನಾನು ಒಂದೇ ಜಾಗದಲ್ಲಿ ನಿಂತ ಫಿಲ್ಮಿನ ಮುಂದೆ ಗುಂಡಿ ಒತ್ತುತ್ತಿದ್ದೆ. ‘ಒಂದೊಂದ್ ಸಲ ಲಿವರ್ ಎಳೆದಾಗ್ಲೂ ಈ ಕಡೆ ರಿವೈಂಡ್ ಗುಂಡಿ ತಿರುಗ್ತಿತ್ತಾ ನೋಡಿದ್ಯೇನೇ?’ ಎಂದರು ಮಾವ. ನೋಡಿರಲಿಲ್ಲ.

ಬೈಯಲಿಲ್ಲ. ಕಪಾಟಿನಿಂದ ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ಕೊಟ್ಟರು. ‘ದಿ ನೆಗೆಟಿವ್’. ಬರೆದವರು ಆನ್ಸೆಲ್ ಆಡಮ್ಸ್. ಪ್ರಿಲಿಮ್ಸ್‌ಗೆ ಓದಬೇಕಾಗಿದ್ದ ದಿನಗಳಲ್ಲಿ ನಾನು ಓದಿದ್ದು ಅದನ್ನು, ಮತ್ತು ಅದರ ಹಿಂದೆ ಬಿದ್ದು ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ.

ಆಡಮ್ಸ್ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. ನಾಲ್ಕು ವರ್ಷದವನಿದ್ದಾಗ ಅಲ್ಲಿ ದೊಡ್ಡ ಭೂಕಂಪವಾಯಿತು. ಬಿದ್ದು ಮೂಗು ಮುರಿದು, ಕೊನೆವರೆಗೂ ಸೊಟ್ಟಗೇ ಉಳಿಯಿತು. ಶಾಲೆಯಲ್ಲಿ ಕೂರಲಾಗದ ಹುಡುಗ. ಅಪ್ಪ ಶಾಲೆ ಬಿಡಿಸಿ ಮನೆಪಾಠ ಹಾಕಿದರು, 1915ರಲ್ಲಿ ಊರಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನಕ್ಕೆ ಇಡೀ ವರ್ಷದ ಪಾಸ್ ಕೊಡಿಸಿ ‘ದಿನಾ ಹೋಗಿ ನೋಡು’ ಎಂದರು. (ಇಂಥ ಅಪ್ಪ ಎಲ್ಲರಿಗೂ ಸಿಗಲಿ.) ಹುಡುಗ ಪಿಯಾನೊ ಹಿಡಿದ. ಮುಂದೆ ಅದರಲ್ಲೇ ಜೀವನ ಎಂದು ಮನೆಯವರೂ ಅವನೂ ನಂಬಿದ್ದರು. 1916ರಲ್ಲಿ ಯೊಸೆಮಿಟಿ ಕಣಿವೆಗೆ ಪ್ರವಾಸ ಹೋದಾಗ ಕೈಗೆ ಒಂದು ಕೊಡಕ್ ಬ್ರೌನಿ ಡಬ್ಬ ಕ್ಯಾಮೆರಾ ಬಂತು. ಆಮೇಲೆ ಬದುಕಿದ್ದಷ್ಟು ಕಾಲ ಪ್ರತಿವರ್ಷವೂ ಆ ಕಣಿವೆಗೆ ಹೋಗುತ್ತಿದ್ದರಂತೆ.

ನನಗೆ ಮೊದಲು ಹಿಡಿಸಿದ್ದು 1927ರ ಏಪ್ರಿಲ್ 10ರ ಕಥೆ. ಆಗ ಅವರಿಗೆ 25. ಯೊಸೆಮಿಟಿಯಲ್ಲಿ ಹಾಫ್ ಡೋಮ್ ಎಂಬ ಅರ್ಧ ಸೀಳಿದಂಥ ಬೃಹತ್ ಬಂಡೆಯಿದೆ. ಅದರ ಎದುರಿನ ಚಾಚುಗಲ್ಲಿಗೆ ಹಿಮದಲ್ಲಿ ಹತ್ತಬೇಕು. ಬೆನ್ನ ಮೇಲೆ ಮರದ ವ್ಯೂ ಕ್ಯಾಮೆರಾ, ಲೆನ್ಸು, ಫಿಲ್ಟರು, ಟ್ರೈಪಾಡ್, 12 ಗಾಜಿನ ಪ್ಲೇಟು. ಅವತ್ತು ಅವರ ನೆಗೆಟಿವ್ ಅಂದರೆ ಗಾಜು. ಜೊತೆಗೆ ಗೆಳೆಯರು, ಮುಂದೆ ಹೆಂಡತಿಯಾದ ವರ್ಜೀನಿಯಾ. ದಾರಿಯಲ್ಲಿ ಅಲ್ಲಿ ಇಲ್ಲಿ ತೆಗೆಯುತ್ತಾ ಬಂದು ಮೇಲೆ ತಲುಪುವಾಗ ಉಳಿದಿದ್ದು ಎರಡೇ ಪ್ಲೇಟು.

ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಕಪ್ಪು-ಬಿಳುಪಿನಲ್ಲಿ ಆಕಾಶ ತೀರಾ ಬೆಳ್ಳಗಾಗದಿರಲಿ ಎಂದು ಎಲ್ಲರೂ ಮಾಡುತ್ತಿದ್ದುದೇ ಅದು. ಷಟರ್ ಮುಚ್ಚಿದ ಮೇಲೆ ಅವರಿಗೆ ಅನ್ನಿಸಿತು: ಈ ಪ್ಲೇಟಿನಲ್ಲಿ ಬಂಡೆ ಬಂಡೆಯ ಹಾಗೆ ಬರುತ್ತದೆ, ಆದರೆ ಇಲ್ಲಿ ನಿಂತು ನನಗೆ ಆಗುತ್ತಿರುವುದು ಬರುವುದಿಲ್ಲ. ಆಕಾಶ ಹೆಚ್ಚುಕಮ್ಮಿ ಕಪ್ಪಾಗಬೇಕು, ಬಂಡೆ ಅದರೆದುರು ಎದ್ದು ನಿಲ್ಲಬೇಕು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ, ಹಾಗಾಗಿ ಪ್ರಿಂಟಿನಲ್ಲಿ ಆಕಾಶ ಕಡುಕಪ್ಪು. ಬೆಳಕೂ ಅಷ್ಟೇ ತಡೆಯುತ್ತದೆ, ಹಾಗಾಗಿ 5 ಸೆಕೆಂಡ್ ಎಕ್ಸ್‌ಪೋಷರ್. ‘ಮೊನೊಲಿತ್, ದಿ ಫೇಸ್ ಆಫ್ ಹಾಫ್ ಡೋಮ್’ ಎಂಬ ಹೆಸರಿನಲ್ಲಿ ಜಗತ್ತು ನೋಡಿದ್ದು ಆ ಎರಡನೆಯದನ್ನು. ಗುಂಡಿ ಒತ್ತುವ ಮೊದಲೇ ಕೊನೆಯ ಪ್ರಿಂಟನ್ನು ತಲೆಯೊಳಗೆ ಕಾಣುವ ಈ ಅಭ್ಯಾಸಕ್ಕೆ ಅವರು ‘ವಿಷುಯಲೈಸೇಷನ್’ ಎಂದು ಹೆಸರಿಟ್ಟರು.

ಆಕಾಶ ಹಾಗೆ ಕಪ್ಪಾಗಿರಲಿಲ್ಲವಲ್ಲ, ಹಾಗಾದರೆ ಅದು ಸುಳ್ಳಲ್ಲವೇ? ನಾನು ಇದನ್ನೇ ಮಾವನಿಗೆ ಕೇಳಿದೆ. ‘ಕಪ್ಪು-ಬಿಳುಪು ಅಂದ್ಮೇಲೆ ಮೊದ್ಲೇ ಸುಳ್ಳು ಕಣೇ, ಹುಲ್ಲು ಬೂದು ಬಣ್ಣ ಇರುತ್ತಾ?’ ಎಂದರು. ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಉತ್ತರ ಕೊಡಲೂ ಆಗಲಿಲ್ಲ.

ಊಹೆ ಮಾಡಿಕೊಂಡರೆ ಸಾಲದು, ಅದನ್ನು ಫಿಲ್ಮಿನ ಮೇಲೆ ಇಳಿಸುವ ಲೆಕ್ಕ ಬೇಕು. 1940ರ ಹೊತ್ತಿಗೆ, ಲಾಸ್ ಏಂಜಲೀಸ್‌ನಲ್ಲಿ ಪಾಠ ಮಾಡುತ್ತಿದ್ದಾಗ, ಫ್ರೆಡ್ ಆರ್ಚರ್ ಎಂಬ ಸಹೋದ್ಯೋಗಿಯೊಂದಿಗೆ ಸೇರಿ ಅವರು ರೂಪಿಸಿದ್ದು ‘ಜೋನ್ ಸಿಸ್ಟಮ್’. ಕಷ್ಟದ್ದೇನಲ್ಲ. ಪ್ರಿಂಟಿನಲ್ಲಿ ಕಾಣುವ ಬೆಳಕನ್ನು ಹನ್ನೊಂದು ಮೆಟ್ಟಿಲಾಗಿ ಮಾಡಿ. 0 ಅಂದರೆ ಕಾಗದ ಕೊಡಬಲ್ಲ ಅತಿ ಗಾಢ ಕಪ್ಪು, 10 ಅಂದರೆ ಬರೀ ಬಿಳಿ ಕಾಗದ, 5 ನಟ್ಟನಡುವಿನ ಬೂದು. ಒಂದು ಮೆಟ್ಟಿಲು ಏರಿದರೆ ಬೆಳಕು ಎರಡರಷ್ಟು.

ಬೆಳಕು ಅಳೆಯುವ ಮೀಟರಿಗೆ ಬುದ್ಧಿಯಿಲ್ಲ. ಅದಕ್ಕೆ ತೋರಿಸಿದ್ದೆಲ್ಲ 5. ಎಮ್ಮೆಯನ್ನು ತೋರಿಸಿದರೂ 5, ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೂ 5. ಅದು ಹೇಳಿದಂತೆ ತೆಗೆದರೆ ಎಮ್ಮೆಯೂ ಬೂದು, ಗೋಡೆಯೂ ಬೂದು. ಎಮ್ಮೆಯನ್ನು 3ಕ್ಕೆ ಇಳಿಸಬೇಕು, ಗೋಡೆಯನ್ನು 7ಕ್ಕೆ ಏರಿಸಬೇಕು ಎಂದು ತೀರ್ಮಾನಿಸುವುದು ಫೋಟೊ ತೆಗೆಯುವವರ ಕೆಲಸ. ನೆರಳಿನ ವಿವರ ಎಷ್ಟು ಉಳಿಯಬೇಕೆಂಬುದು ಎಕ್ಸ್‌ಪೋಷರ್‌ನಲ್ಲಿ ನಿರ್ಧಾರವಾಗುತ್ತದೆ. ಬೆಳಗುವ ಭಾಗ ಎಷ್ಟು ಬೆಳಗಬೇಕೆಂಬುದನ್ನು ಆಮೇಲೆ ಡೆವಲಪರ್‌ನಲ್ಲಿ ಹೊತ್ತು ಹೆಚ್ಚು ಕಡಿಮೆ ಮಾಡಿ ತಿದ್ದಬಹುದು. ಇದು ಹಾಳೆ ಹಾಳೆಯಾಗಿ ಬರುವ ಫಿಲ್ಮಿಗೆ ಚೆನ್ನಾಗಿ ಹೊಂದುತ್ತದೆ, ಒಂದೊಂದು ಹಾಳೆಯನ್ನೂ ಬೇರೆ ಬೇರೆ ಹೊತ್ತು ತೊಳೆಯಬಹುದು. ನನ್ನಂತೆ 36ರ ರೋಲ್ ಹಿಡಿದವರಿಗೆ ಅಷ್ಟು ಸಲೀಸಲ್ಲ.

ಆಡಮ್ಸ್ ಅವರ ಮುಖ್ಯ ಆಯುಧ 8×10 ಇಂಚಿನ ವ್ಯೂ ಕ್ಯಾಮೆರಾ. ಅಂದರೆ ನೆಗೆಟಿವ್ವೇ ನಮ್ಮ ನೋಟ್‌ಬುಕ್ ಹಾಳೆಯಷ್ಟು ದೊಡ್ಡದು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಹಿಂದಿನ ಮಸುಕು ಗಾಜಿನಲ್ಲಿ ನೋಡಿದರೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಫಿಲ್ಮ್ ಹೋಲ್ಡರ್‌ನ ಎರಡು ಬದಿಗೆ ಎರಡು ಹಾಳೆ. ಒಂದು ಮುಗಿದ ಮೇಲೆ ಮಗುಚಿ ಇನ್ನೊಂದು. ವಯಸ್ಸಾದ ಮೇಲೆ ಹ್ಯಾಸೆಲ್‌ಬ್ಲಾಡ್ ಹೆಚ್ಚು ಬಳಸಿದರು. 1960ರ ‘ಮೂನ್ ಅಂಡ್ ಹಾಫ್ ಡೋಮ್’ ಅದರಲ್ಲಿ ತೆಗೆದದ್ದು.

ಇನ್ನು ಚಂದ್ರನ ಕಥೆ. 1941ರ ಶರತ್ಕಾಲ. ಅಮೆರಿಕ ಸರ್ಕಾರದ ಒಳಾಡಳಿತ ಇಲಾಖೆ ತನ್ನ ಕಟ್ಟಡದ ಗೋಡೆಗಳಿಗೆ ರಾಷ್ಟ್ರೀಯ ಉದ್ಯಾನಗಳ ಚಿತ್ರ ಬೇಕೆಂದು ಆಡಮ್ಸ್ ಅವರನ್ನು ದಿನಕ್ಕೆ 22.22 ಡಾಲರ್ ಸಂಬಳದ ಮೇಲೆ ಗೊತ್ತು ಮಾಡಿಕೊಂಡಿತ್ತು. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಒಂದು ದಿನವಿಡೀ ಅಲೆದು, ಒಂದೂ ಸರಿಯಾಗಿ ಬಾರದೆ, ಮಗ ಮತ್ತು ಗೆಳೆಯನೊಂದಿಗೆ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ಹರ್ನಾಂಡಿಜ್ ಎಂಬ ಪುಟ್ಟ ಊರಿನ ಹತ್ತಿರ ಎಡಕ್ಕೆ ನೋಡಿದರೆ ಹಿಮದ ಬೆಟ್ಟಗಳ ಮೇಲೆ ಚಂದ್ರ ಎದ್ದಿದ್ದಾನೆ. ಬೆನ್ನ ಹಿಂದೆ ಮುಳುಗುವ ಸೂರ್ಯನ ಕೊನೆಯ ಬೆಳಕು ಊರ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿದೆ. ಕಾರು ಇನ್ನೇನು ಹಳ್ಳಕ್ಕೆ ಇಳಿಯುತ್ತಿತ್ತು. ‘ಅದು ತಾ, ಇದು ತಾ’ ಎಂದು ಕೂಗಾಡಿ ಕ್ಯಾಮೆರಾ ನಿಲ್ಲಿಸಿ ಫೋಕಸ್ ಮಾಡಿದರು. ಎಕ್ಸ್‌ಪೋಷರ್ ಮೀಟರ್ ಮಾತ್ರ ಎಲ್ಲಿದೆಯೋ ಸಿಗಲಿಲ್ಲ. ಸೂರ್ಯ ಇನ್ನೊಂದೆರಡು ನಿಮಿಷದಲ್ಲಿ ಮೋಡದ ಹಿಂದೆ ಹೋಗುತ್ತಾನೆ.

ಆಗ ಅವರಿಗೆ ನೆನಪಾಗಿದ್ದು ಚಂದ್ರನ ಬೆಳಕಿನ ಪ್ರಮಾಣ: ಚದರ ಅಡಿಗೆ 250 ಕ್ಯಾಂಡಲ್. ಅಲ್ಲಿಂದ ಅವರು ಮಾಡಿದ ಲೆಕ್ಕವನ್ನು ನೀವೂ ಪೆನ್ನು ಹಿಡಿದು ಮಾಡಿ ನೋಡಿ. ಚಂದ್ರ 7ನೇ ಮೆಟ್ಟಿಲಲ್ಲಿ ಇರಲಿ ಎಂದುಕೊಂಡರೆ, 5ನೇ ಮೆಟ್ಟಿಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಅಂದರೆ ನಾಲ್ಕನೇ ಒಂದು ಭಾಗ. 250ರ ಕಾಲುಭಾಗ ಸುಮಾರು 60. ಫಿಲ್ಮಿನ ವೇಗ 64, ಅದರ ವರ್ಗಮೂಲ 8. ಸೂತ್ರದ ಪ್ರಕಾರ ಲೆನ್ಸ್ ಎಫ್/8ರಲ್ಲಿದ್ದರೆ 60ನೇ ಒಂದು ಸೆಕೆಂಡ್ ಸಾಕು. ಹಳದಿ ಫಿಲ್ಟರ್ ಇರುವುದರಿಂದ ಮೂರು ಪಟ್ಟು, ಅಂದರೆ 20ನೇ ಒಂದು. ಹತ್ತಿರದ ಪೊದೆಯಿಂದ ದೂರದ ಬೆಟ್ಟದವರೆಗೆ ಎಲ್ಲ ಸ್ಪಷ್ಟವಾಗಿ ಬರಲು ಲೆನ್ಸಿನ ಕಿಂಡಿಯನ್ನು ಎಫ್/32ಕ್ಕೆ ಕಿರಿದು ಮಾಡಿದರೆ ಬೆಳಕು 16 ಪಾಲು ಕಡಿಮೆ, ಹೊತ್ತು 16 ಪಟ್ಟು ಹೆಚ್ಚು. 16ನ್ನು 20ರಿಂದ ಭಾಗಿಸಿ: 0.8. ಸರಿಸುಮಾರು ಒಂದು ಸೆಕೆಂಡ್.

ಒಂದು ಸೆಕೆಂಡ್ ತೆಗೆದರು. ಹೋಲ್ಡರ್ ಮಗುಚಿ ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ನೆಗೆಟಿವ್ ಒಂದೇ.

ನಾನು ಈ ಪುಟವನ್ನು ಎಷ್ಟು ಸಲ ಓದಿದೆನೋ. ರೈಲು, ದೋಣಿ, ನಲ್ಲಿ-ತೊಟ್ಟಿಗಳ ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿ ಮರೆಯುವ ನಮಗೆ, ಸೂತ್ರವೊಂದು ಸಂಜೆಯ ರಸ್ತೆಯಲ್ಲಿ ಹೀಗೆ ಕೈಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಂದಹಾಗೆ ಇಷ್ಟೆಲ್ಲ ಲೆಕ್ಕ ನೆನಪಿಟ್ಟ ಮನುಷ್ಯ ತಾರೀಖು ಮಾತ್ರ ಬರೆದಿಡುತ್ತಿರಲಿಲ್ಲ. ಆ ಚಿತ್ರಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಇಸವಿ ಹಾಕಿದ್ದಾರೆ. ಕೊನೆಗೆ ಖಗೋಳ ಬಲ್ಲವರು ಚಿತ್ರದಲ್ಲಿ ಚಂದ್ರ ಇರುವ ಜಾಗ ನೋಡಿ ಗಣಿಸಿ, 1941ರ ನವೆಂಬರ್ 1, ಸಂಜೆ 4.49 ಎಂದು ಹೇಳಿದರು.

ನಾವಾದರೆ ಅಲ್ಲಿಗೆ ಕೆಲಸ ಮುಗಿಯಿತು ಎನ್ನುತ್ತೇವೆ. ಅವರಿಗೆ ಅಲ್ಲಿಂದ ಶುರು. ನೆಗೆಟಿವ್‌ನಲ್ಲಿ ಚಂದ್ರ ವಿಪರೀತ ಬೆಳಕು, ಕೆಳಗಿನ ನೆಲ ವಿಪರೀತ ಕತ್ತಲು. ಡೆವಲಪರ್‌ನಲ್ಲಿ ಸ್ವಲ್ಪ ಹೊತ್ತು, ಬರೀ ನೀರಿನಲ್ಲಿ ಅಲುಗಾಡಿಸದೆ ಸ್ವಲ್ಪ ಹೊತ್ತು, ಹೀಗೆ ಹಲವು ಸಲ ಅದ್ದಿ ತೆಗೆದರು. ನೀರಿನಲ್ಲಿರುವಾಗ ಬೆಳಕು ಹೆಚ್ಚು ಬಿದ್ದ ಕಡೆ ಹೀರಿಕೊಂಡ ಡೆವಲಪರ್ ಬೇಗ ತೀರಿ ಕೆಲಸ ನಿಲ್ಲುತ್ತದೆ, ಕಡಿಮೆ ಬಿದ್ದ ಕಡೆ ನಿಧಾನವಾಗಿ ಮುಂದುವರಿಯುತ್ತದೆ. ಅಷ್ಟಾದರೂ ನೆಲದ ಭಾಗ ತೆಳುವಾಗಿಯೇ ಇತ್ತು. 1948ರಲ್ಲಿ ಧೈರ್ಯ ಮಾಡಿ, ಇರುವ ಆ ಒಂದೇ ನೆಗೆಟಿವ್‌ನ ಕೆಳಭಾಗವನ್ನು ಮತ್ತೆ ರಾಸಾಯನಿಕದಲ್ಲಿ ಅದ್ದಿ ಗಟ್ಟಿ ಮಾಡಿದರು. ಕೈ ತಪ್ಪಿದ್ದರೆ ಚಿತ್ರವೇ ಇಲ್ಲ. ಓದುವಾಗಲೇ ನನ್ನ ಎದೆ ಹೊಡೆದುಕೊಂಡಿತು.

ಆ ನೆಗೆಟಿವ್‌ನಿಂದ ಅವರು ತಮ್ಮ ಜೀವಮಾನದಲ್ಲಿ ಮಾಡಿದ ಪ್ರಿಂಟುಗಳು 1,300ಕ್ಕೂ ಹೆಚ್ಚು. ಒಂದೊಂದೂ ಡಾರ್ಕ್‌ರೂಮಿನಲ್ಲಿ ಬೇರೆ ಬೇರೆಯಾಗಿ ಮಾಡಿದ್ದು. ನೆಗೆಟಿವ್ ಸಂಗೀತಗಾರನ ಮುಂದಿರುವ ಸ್ವರಲಿಪಿ ಇದ್ದಂತೆ, ಪ್ರಿಂಟು ಕಛೇರಿ ಇದ್ದಂತೆ ಎಂಬುದು ಈ ಪಿಯಾನೊ ವಾದಕನ ಹೋಲಿಕೆ. ಒಂದೇ ಕೃತಿಯನ್ನು ಒಬ್ಬರೇ ವಿದ್ವಾಂಸರು ಮೂವತ್ತರಲ್ಲಿ ಹಾಡಿದ್ದಕ್ಕೂ ಎಪ್ಪತ್ತರಲ್ಲಿ ಹಾಡಿದ್ದಕ್ಕೂ ಇರುವ ವ್ಯತ್ಯಾಸ ಈ ಪ್ರಿಂಟುಗಳಲ್ಲೂ ಇದೆ. ಹಳೆಯ ಪ್ರಿಂಟುಗಳಲ್ಲಿ ಆಕಾಶ ಬೂದು, ಮೇಲುಗಡೆ ತೆಳು ಮೋಡಗಳು ಕಾಣುತ್ತವೆ. ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತಾ ಹೋಗಿ, ಕೊನೆಕೊನೆಯವುಗಳಲ್ಲಿ ಚಂದ್ರ ಬಿಟ್ಟರೆ ಮೇಲೆ ಏನೂ ಇಲ್ಲ. ನನಗೆ ಪುಸ್ತಕದಲ್ಲಿ ನೋಡಿದ ಮಟ್ಟಿಗೆ ಬೂದು ಆಕಾಶದ್ದೇ ಇಷ್ಟ. ಕಪ್ಪು ಆಕಾಶದ್ದು ಸ್ವಲ್ಪ ನಾಟಕ ಅನ್ನಿಸುತ್ತದೆ. ಹೇಳಿದರೆ ಮಾವ ಒಪ್ಪುವುದಿಲ್ಲ.

ಆಕಾಶ ಹಾಗೆ ಕಪ್ಪಾಗುವುದು ಕೈಕೆಲಸದಿಂದ. ಎನ್‌ಲಾರ್ಜರ್‌ನ ಬೆಳಕು ಬ್ರೊಮೈಡ್ ಪೇಪರ್ ಮೇಲೆ ಬೀಳುವಾಗ ಬೆಳ್ಳಗೆ ಉಳಿಯಬೇಕಾದ ಭಾಗಕ್ಕೆ ರಟ್ಟು ಅಡ್ಡ ಹಿಡಿಯುವುದು ‘ಡಾಜಿಂಗ್’. ಕಪ್ಪಾಗಬೇಕಾದ ಭಾಗಕ್ಕೆ ಇನ್ನಷ್ಟು ಹೊತ್ತು ಬೆಳಕು ಕೊಡುವುದು ‘ಬರ್ನಿಂಗ್’. ರಟ್ಟು ಅಲುಗಾಡುತ್ತಲೇ ಇರಬೇಕು, ಇಲ್ಲದಿದ್ದರೆ ಅಂಚು ಗೆರೆಯಾಗಿ ಕಾಣುತ್ತದೆ. ಸೆಕೆಂಡ್ ಎಣಿಸಲು ಆಡಮ್ಸ್ ಇಟ್ಟುಕೊಂಡಿದ್ದು ತಾಳ ಹಾಕುವ ಮೆಟ್ರೊನೋಮ್. ಕಣ್ಣು ಪೇಪರ್ ಮೇಲೆ, ಕಿವಿ ತಾಳದ ಮೇಲೆ. ಇನ್ನೊಂದು ಉಪಕರಣ ಕೇಳಿದರೆ ನಗು ಬರುತ್ತದೆ: ಮೈಕ್ರೊವೇವ್ ಓವನ್. ಒದ್ದೆ ಪ್ರಿಂಟು ನೋಡಲು ಯಾವಾಗಲೂ ಹೊಳಪಾಗಿರುತ್ತದೆ, ಒಣಗಿದ ಮೇಲೆ ಒಂದಿಷ್ಟು ಕಪ್ಪಿಗೆ ತಿರುಗುತ್ತದೆ. ಪರೀಕ್ಷಾ ಪ್ರಿಂಟನ್ನು ಬೇಗ ಒಣಗಿಸಿ ನಿಜವಾದ ಛಾಯೆ ನೋಡಲು ಅವರು ಅದನ್ನು ಓವನ್ನಿನಲ್ಲಿ ಇಡುತ್ತಿದ್ದರು. ಸರಿ ಅನಿಸಿದ ಮೇಲೆ ಹೈಪೊ ಪೂರ್ತಿ ಹೋಗುವವರೆಗೆ ತೊಳೆದು, ಸೆಲೀನಿಯಂ ದ್ರಾವಣದಲ್ಲಿ ಅದ್ದಿ, ಬಿಳಿ ರಟ್ಟಿಗೆ ಅಂಟಿಸಿ, ಸಹಿ. ನೂರು ವರ್ಷ ಕಳೆದರೂ ಹಳದಿಯಾಗದಿರಲಿ ಎಂದೇ ಇಷ್ಟೆಲ್ಲ ತೊಳೆತ.

ಇದರಿಂದ ಹೊಟ್ಟೆ ತುಂಬುತ್ತಿತ್ತೇ? ಕೆಲಸ ಹುಡುಕುತ್ತಿರುವ ನನಗೆ ಹುಟ್ಟಿದ್ದು ಈ ಪ್ರಶ್ನೆ. 1927ರಲ್ಲಿ ಅವರ ಮೊದಲ ಪ್ರಿಂಟುಗಳ ಸಂಪುಟ ಬಂದಾಗ, ಆಲ್ಬರ್ಟ್ ಬೆಂಡರ್ ಎಂಬ ಕಲಾಪೋಷಕರು ಮುಂದೆ ನಿಂತು ಮಾರಿಸಿದರು. 18 ಪ್ರಿಂಟಿಗೆ 50 ಡಾಲರ್. ‘ಫೋಟೊ’ ಎಂದರೆ ಕಲೆ ಎಂದು ಯಾರೂ ಕೊಳ್ಳುವುದಿಲ್ಲವೆಂದು ಅದಕ್ಕೆ ‘ಪಾರ್ಮೀಲಿಯನ್ ಪ್ರಿಂಟ್’ ಎಂಬ ಅರ್ಥವಿಲ್ಲದ ಹೆಸರು ಕಟ್ಟಿದ್ದರು. 1930ರಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಛಾಯಾಗ್ರಾಹಕನ ನೆಗೆಟಿವ್‌ಗಳನ್ನು ನೋಡಿ ಆಡಮ್ಸ್ ಪಿಯಾನೊ ಬಿಡಲು ತೀರ್ಮಾನಿಸಿದಾಗ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಬೇಡವೆಂದರು. ಈ ಸಂಭಾಷಣೆ ನಮ್ಮೆಲ್ಲರ ಮನೆಯದೂ ಹೌದು. ಆಮೇಲೆ ದಶಕಗಳ ಕಾಲ ಅವರನ್ನು ಸಾಕಿದ್ದು ಕಂಪನಿಗಳ ಕೆಲಸ: ಯೊಸೆಮಿಟಿಯ ಹೋಟೆಲ್ ಕಂಪನಿಗೆ ಪ್ರಚಾರಚಿತ್ರ, ಕೊಡಕ್‌ಗೆ ಬಣ್ಣದ ಜಾಹೀರಾತು ಚಿತ್ರ, ಪತ್ರಿಕೆಗಳಿಗೆ ಚಿತ್ರ, ಜೊತೆಗೆ ಪಾಠ. 1937ರಲ್ಲಿ ಡಾರ್ಕ್‌ರೂಮಿಗೆ ಬೆಂಕಿ ಬಿದ್ದು ಎಷ್ಟೋ ನೆಗೆಟಿವ್‌ಗಳು ಸುಟ್ಟವು. ಪ್ರಿಂಟು ಮಾರಿಯೇ ನೆಮ್ಮದಿಯಾಗಿ ಬದುಕುವಂತಾಗಿದ್ದು ಎಪ್ಪತ್ತು ದಾಟಿದ ಮೇಲೆ. 1975ರ ಕೊನೆಗೆ ಇನ್ನು ಪ್ರಿಂಟಿನ ಆರ್ಡರ್ ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿದ್ದೇ ತಡ, ಸಾವಿರಾರು ಆರ್ಡರ್ ಬಂದು ಬಿದ್ದು, ಅವನ್ನು ಮುಗಿಸಲು ವರ್ಷಗಳೇ ಹಿಡಿದವು. 1984ರಲ್ಲಿ ತೀರಿಕೊಂಡರು. 2006ರಲ್ಲಿ ಆ ಚಂದ್ರೋದಯದ ಒಂದು ಪ್ರಿಂಟು ಹರಾಜಿನಲ್ಲಿ 6,09,600 ಡಾಲರ್‌ಗೆ ಹೋಯಿತು.

ಇದನ್ನೆಲ್ಲ ಹೇಳುತ್ತಿದ್ದರೆ ಮಾವ ಒಬ್ಬ ಹುಡುಗನ ಪಾಸ್‌ಪೋರ್ಟ್ ಫೋಟೊದ ಹಿನ್ನೆಲೆ ಬಿಳಿ ಮಾಡುತ್ತಿದ್ದರು. ‘ಅವ್ರಿಗೂ ಹೋಟೆಲ್‌ನೋರ ಫೋಟೊ ತೆಗೆಯೋ ಕೆಲ್ಸ ಇತ್ತಾ?’ ಎಂದು ತಲೆ ಎತ್ತದೇ ಕೇಳಿದರು.

ಎರಡನೇ ರೋಲ್ ಹಾಕಿದಾಗ ರಿವೈಂಡ್ ಗುಂಡಿಯನ್ನೇ ನೋಡುತ್ತಿದ್ದೆ. ತಿರುಗಿತು. ಅಜ್ಜಿ ಬಿಳಿ ಸೀರೆ ಉಟ್ಟು ಹಿತ್ತಲ ಬಾಗಿಲಲ್ಲಿ ಕೂತಿದ್ದರು, ಹಿಂದೆ ಕತ್ತಲ ಅಡುಗೆಮನೆ. ಬಾಗಿಲ ನೆರಳನ್ನು ಅಳೆದು 3ಕ್ಕೆ ಇಳಿಸಿದೆ. ಸೀರೆ ಎಲ್ಲಿಗೆ ಹೋಗುತ್ತದೋ ಹೋಗಲಿ ಎಂದು ಉಸಿರು ಬಿಗಿಹಿಡಿದು ಒತ್ತಿದೆ. 36ರಲ್ಲಿ ಹನ್ನೊಂದು ಚೆನ್ನಾಗಿ ಬಂದವು, ಅದೂ ಒಂದು.

ಒಂದು ಭಾನುವಾರ ಮಾವ ಹಿಂದಿನ ಕೋಣೆಯ ಡಬ್ಬಗಳನ್ನೆಲ್ಲ ಹೊರಗೆ ಹಾಕಿದರು. ಮೂರು ಟ್ರೇ ತೊಳೆದರು, ಕೆಂಪು ಬಲ್ಬು ಹಾಕಿದರು, ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿದರು. ಮೊದಲ ಪ್ರಿಂಟಿನಲ್ಲಿ ಸೀರೆ ಒಂದೇ ಬಿಳಿ ಮುದ್ದೆ. ಎರಡನೆಯದರಲ್ಲಿ ಸೀರೆಗೆ ಬರ್ನ್ ಕೊಟ್ಟರು, ನೆರಿಗೆ ಬಂತು, ಮುಖ ಕಪ್ಪಾಯಿತು. ಮೂರನೆಯದಕ್ಕೆ ಕಡ್ಡಿಯ ತುದಿಗೆ ರಟ್ಟಿನ ಚೂರು ಅಂಟಿಸಿ ಅಜ್ಜಿಯ ಮುಖದ ಮೇಲೆ ಆಡಿಸುತ್ತಾ ‘ಒಂದು, ಎರಡು, ಮೂರು’ ಎಂದು ತಾವೇ ಎಣಿಸಿದರು. ಪಾಸ್‌ಪೋರ್ಟ್ ಫೋಟೊ ತೆಗೆಯುವಾಗ ಆ ಕೈ ಹಾಗೆ ಆಡಿದ್ದನ್ನು ನಾನು ಕಂಡಿರಲಿಲ್ಲ. ಡೆವಲಪರ್‌ನೊಳಗೆ ಕಾಗದ ಬಿಟ್ಟಾಗ ಮೊದಲು ಬಾಗಿಲು ಬಂತು, ಆಮೇಲೆ ಸೀರೆಯ ಅಂಚು, ಕೊನೆಗೆ ಅಜ್ಜಿಯ ಕಣ್ಣು.

‘ಬಂತು ಮಾವ, ಇದೇ ಸರಿ!’ ಎಂದು ಕೂಗಿದೆ.

ಹೈಪೊದಿಂದ ತೆಗೆದು, ನೀರಲ್ಲಿ ಜಾಲಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿ ಮಾವ ಒಂದು ಹೆಜ್ಜೆ ಹಿಂದೆ ನಿಂತು ನೋಡಿದರು. ‘ಒಣಗಲಿ ಇರು,’ ಎಂದರು. ‘ಇನ್ನೂ ಸ್ವಲ್ಪ ಕಪ್ಪಾಗುತ್ತೆ. ಪೇಪರ್ ಎಷ್ಟು ಉಳಿದಿದೆ ನೋಡು.’

ನಾಲ್ಕು ಹಾಳೆ ಉಳಿದಿತ್ತು.